ಯಾರೂ ಮುಟ್ಟದ ಯಂತ್ರದಲ್ಲಿ ಮಿನುಗುವ ದೀಪ

ವಾಚಕ ಬಂಧುಗಳಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಗಣಕಯಂತ್ರವನ್ನು ಚಾಲೂ ಮಾಡಿ, ಯಾವ ಕೆಲಸವನ್ನೂ ಹಚ್ಚದೆ, ಊಟಕ್ಕೆಂದು ಎದ್ದು ಹೋಗಿರುತ್ತಾರೆ. ಮರಳಿ ಬಂದು ನೋಡಿದರೆ ಪೆಟ್ಟಿಗೆಯ ಮುಂಭಾಗದ ಪುಟ್ಟ ದೀಪ ಬಿಡುವಿಲ್ಲದೆ ಮಿನುಗುತ್ತಿರುತ್ತದೆ. ಒಳಗಿನಿಂದ ಇಲಿ ಕೆರೆದಂತೆ ಕರಕರ ಸದ್ದು ಕೇಳಿಸುತ್ತಿರುತ್ತದೆ. ಯಾರೂ ಏನನ್ನೂ ಕೇಳಿಲ್ಲ, ಯಂತ್ರ ಮಾತ್ರ ಏನನ್ನೋ ಮಾಡುತ್ತಲೇ ಇದೆ. ಇದು ವೈರಸ್ಸಿನ ಕಾಟವೇ? ದೂರದಿಂದ ಯಾರಾದರೂ ನಮ್ಮ ಕಡತಗಳನ್ನು ಕದಿಯುತ್ತಿರುವರೇ? ಅಥವಾ ಡಿಸ್ಕು ಕೆಡುವ ಮುನ್ಸೂಚನೆಯೇ? ಹಿರಿಯರೊಬ್ಬರು ತಮ್ಮ ಯಂತ್ರಕ್ಕೆ ಗಾಳಿ ಹಿಡಿದಿದೆಯೆಂದೇ ಬರೆದಿದ್ದರು. ವಿನೋದದ ಮಾತಾದರೂ ಅದರ ಹಿಂದಿನ ಆತಂಕ ನಿಜವಾದುದೇ. ಮಕ್ಕಳ ಮದುವೆಯ ಚಿತ್ರಗಳು, ಜಮೀನಿನ ಕಾಗದಪತ್ರಗಳ ಪ್ರತಿಗಳು, ವರ್ಷಾಂತರಗಳ ಲೆಕ್ಕ ಎಲ್ಲವೂ ಇಂದು ಆ ಪೆಟ್ಟಿಗೆಯೊಳಗೇ ಸೇರಿಕೊಂಡಿವೆ.

ಈ ಪ್ರಶ್ನೆಗೆ ಊಹೆಯ ಉತ್ತರಗಳು ಹೇರಳವಾಗಿ ದೊರೆಯುತ್ತವೆ. ನೆರೆಮನೆಯ ಕಾಲೇಜು ಹುಡುಗ ಒಂದು ಹೇಳುತ್ತಾನೆ, ರಿಪೇರಿ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಎರಡೂ 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬಲ್ಲಿಗೇ ಬಂದು ನಿಲ್ಲುತ್ತವೆ. ನಮ್ಮ ಅಭಿಪ್ರಾಯ ಬೇರೆ. ಯಾವ ಪ್ರೋಗ್ರಾಂ ಡಿಸ್ಕನ್ನು ಓದುತ್ತಿದೆ, ಯಾವ ಕಡತದ ಮೇಲೆ ಬರೆಯುತ್ತಿದೆ ಎಂಬ ಲೆಕ್ಕವನ್ನು ಯಂತ್ರವೇ ಕ್ಷಣಕ್ಷಣಕ್ಕೂ ತೋರಿಸಬಲ್ಲದು. ಆ ಲೆಕ್ಕವನ್ನು ನೋಡುವ ಮುನ್ನ ಏನನ್ನೂ ಅಳಿಸತಕ್ಕದ್ದಲ್ಲ, ಏನನ್ನೂ ಕೊಳ್ಳತಕ್ಕದ್ದಲ್ಲ. ನೋಡುವ ವಿಧಾನವೂ ಕಷ್ಟದ್ದೇನಲ್ಲ. ಮನೆಯ ಜಮಾಖರ್ಚನ್ನು ಬರೆದಿಡಬಲ್ಲವರಿಗೆ ಇದು ಖಂಡಿತ ಸಾಧ್ಯ.

ಮೊದಲಿಗೆ, ಯಾರೂ ಕೆಲಸ ಹೇಳದಿದ್ದಾಗ ಯಂತ್ರ ಏಕೆ ದುಡಿಯುತ್ತದೆಂಬುದನ್ನು ತಿಳಿಯೋಣ. ಮದುವೆಮನೆಯಲ್ಲಿ ನೆಂಟರಿಷ್ಟರು ಉಂಡು ಮಲಗಿದ ಮೇಲೆಯೇ ಅಡುಗೆಯವರು ಪಾತ್ರೆಗಳನ್ನು ಹೊರಹಾಕಿ ತೊಳೆಯುವುದು, ಮರುದಿನದ ತರಕಾರಿ ಹೆಚ್ಚುವುದು ವಾಡಿಕೆ. ಪಂಕ್ತಿ ನಡೆಯುವಾಗ ಆ ಕೆಲಸಕ್ಕೆ ಕೈಹಾಕಿದರೆ ಬಡಿಸುವುದಕ್ಕೇ ಅಡ್ಡಿಯಾದೀತು. ಗಣಕಯಂತ್ರದ ತಂತ್ರಾಂಶವನ್ನು ರೂಪಿಸಿದವರೂ ಇದೇ ಪದ್ಧತಿಯನ್ನು ಅನುಸರಿಸಿದ್ದಾರೆ. 2007ರಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾದಿಂದ ಮೊದಲ್ಗೊಂಡು, ಹಿನ್ನೆಲೆಯ ಕೆಲಸಗಳಿಗೆ ಡಿಸ್ಕಿನ ಸರದಿಯಲ್ಲಿ ಕೆಳಗಿನ ಸ್ಥಾನ ಕೊಡುವ ಏರ್ಪಾಡು ವಿಂಡೋಸಿನಲ್ಲಿ ಸೇರಿಕೊಂಡಿತು. ಹುಡುಕುವುದಕ್ಕೆ ಅನುಕೂಲವಾಗಲೆಂದು ಎಲ್ಲ ಕಡತಗಳ ಪದಸೂಚಿ ಸಿದ್ಧಪಡಿಸುವ ಸರ್ಚ್ ಇಂಡೆಕ್ಸರ್, ಪದೇ ಪದೇ ಬೇಕಾಗುವ ಪ್ರೋಗ್ರಾಂಗಳನ್ನು ಮುಂಚಿತವಾಗಿಯೇ ನೆನಪಿಗೆ ತುಂಬಿಕೊಳ್ಳುವ ಸೂಪರ್‌ಫೆಚ್, ಚದುರಿದ ಕಡತಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್, ಇವೆಲ್ಲ ಯಂತ್ರದ ಯಜಮಾನರು ಸುಮ್ಮನಿರುವ ಹೊತ್ತನ್ನೇ ಕಾಯುತ್ತವೆ. ಆದ್ದರಿಂದಲೇ ತಾವು ಎದ್ದು ಹೋದಾಗ ದೀಪ ಮಿನುಗತೊಡಗಿ, ಮರಳಿ ಬಂದು ಮೌಸನ್ನು ಅಲುಗಿಸಿದಾಗ ಥಟ್ಟನೆ ತಣ್ಣಗಾಗುವುದುಂಟು. ಕಳ್ಳನೊಬ್ಬ ಕಾಲಸಪ್ಪಳ ಕೇಳಿ ಅಡಗಿಕೊಂಡಂತೆ ಇದು ತೋರುವುದರಿಂದ ಗಾಬರಿಯಾಗುವುದು ಸಹಜ. ವಾಸ್ತವದಲ್ಲಿ ಹೀಗೆ ತಾನಾಗಿ ಹಿಂದೆ ಸರಿಯುವ ಚಟುವಟಿಕೆ ಬಹುಪಾಲು ಸಭ್ಯವಾದದ್ದೇ ಆಗಿರುತ್ತದೆ.

ನಮ್ಮ ಕಡೆಯ ಮನೆಗಳಿಗೆ ಸಂಬಂಧಿಸಿದಂತೆ ಇಲ್ಲೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ವಿಸ್ಟಾದಲ್ಲಿ ಡಿಫ್ರಾಗಿಗೆಂದು ಗೊತ್ತುಪಡಿಸಿದ್ದ ವೇಳೆ ಬುಧವಾರ ನಡುರಾತ್ರಿ 1 ಗಂಟೆ. ವಿಂಡೋಸ್ 10ರಲ್ಲಿ ನಿತ್ಯದ ನಿರ್ವಹಣೆಯ ಕೆಲಸಗಳಿಗೆ ನಿಗದಿಯಾಗಿರುವುದು ಬೆಳಗಿನ ಜಾವ 2 ಗಂಟೆ. ಹಗಲಿರುಳೂ ಯಂತ್ರ ಚಾಲೂ ಇರುವ ಕಛೇರಿಗಳಿಗೆ ಇದು ಸರಿಹೊಂದುವ ಏರ್ಪಾಡು. ನಾವಾದರೋ ರಾತ್ರಿ ಮಲಗುವ ಮುನ್ನ ಗ್ಯಾಸಿನ ನಾಬು ತಿರುಗಿಸಿ, ಬಾಗಿಲ ಅಗಳಿ ಹಾಕಿ, ಗಣಕಯಂತ್ರದ ಸ್ವಿಚ್ಚನ್ನೂ ಆರಿಸಿ ಮಲಗುವವರು. ರಾತ್ರಿ ಮಾಡಲಾಗದೆ ಉಳಿದ ಚಾಕರಿಯೆಲ್ಲ ಮರುದಿನ ಯಂತ್ರವನ್ನು ಚಾಲೂ ಮಾಡಿದ ಮೇಲೆ, ಬಿಡುವು ಸಿಕ್ಕ ಮೊದಲ ಗಳಿಗೆಯಲ್ಲೇ ಮೇಲೆದ್ದು ನಿಲ್ಲುತ್ತದೆ. ವಾರಕ್ಕೊಮ್ಮೆ ಮಾತ್ರ ಯಂತ್ರವನ್ನು ತೆರೆಯುವ ಮನೆಗಳಲ್ಲಂತೂ ವಾರದ ಬಾಕಿಯೆಲ್ಲ ಒಮ್ಮೆಗೇ ತೀರಬೇಕು. ಒಂದು ಸಂಜೆ ಯಂತ್ರವನ್ನು ಎರಡು ಮೂರು ತಾಸು ಹಾಗೆಯೇ ಬಿಟ್ಟು ನೋಡಿದರೆ ಅನೇಕರ ದೂರು ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಮಾತ್ರ ಶೋಧನೆಗೆ ಇಳಿಯಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. 2012ರ ವಿಂಡೋಸ್ 8ರಿಂದೀಚೆಗೆ ಅದರಲ್ಲಿ ಡಿಸ್ಕಿಗೇ ಪ್ರತ್ಯೇಕವಾದ ಅಂಕಣವಿದೆ. ದೀಪವೇ ಇಲ್ಲದ ಈಚಿನ ಲ್ಯಾಪ್‌ಟಾಪುಗಳನ್ನು ಹೊಂದಿದವರಿಗೆ ಅದೇ ದೀಪ. ಹಳೆಯ ಯಂತ್ರಗಳಲ್ಲಿ ಅಲ್ಲಿ ಕೆಂಪುಬಣ್ಣದಲ್ಲಿ 100 ಪ್ರತಿಶತ ಎಂದು ಕಂಡು ಹೌಹಾರುವವರು ಬಹಳ. ಆದರೆ ಅದೇ ಸಾಲಿನಲ್ಲಿ ಸಾಗಿದ ಸಾಮಗ್ರಿಯ ಪ್ರಮಾಣವನ್ನು ನೋಡಿದರೆ ಸೆಕೆಂಡಿಗೆ ಅರ್ಧ ಎಂಬಿಯೂ ಇರುವುದಿಲ್ಲ. ಇದು ಹೇಗೆ ಸಾಧ್ಯ?

ಇದಕ್ಕೆ ಉತ್ತರ ತಿರುಗುವ ಡಿಸ್ಕಿನ ರಚನೆಯಲ್ಲಿದೆ. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯು ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಮುಳ್ಳು ಒಂದು ಜಾಡಿನಿಂದ ಇನ್ನೊಂದಕ್ಕೆ ಜರುಗಲು ಇನ್ನೂ 9 ಮಿಲಿಸೆಕೆಂಡು ಹಿಡಿಯುತ್ತದೆ. ಎರಡೂ ಕೂಡಿದರೆ 13. ಹೀಗಾಗಿ ಅಲ್ಲೊಂದು ಇಲ್ಲೊಂದು ಎಂದು ಚದುರಿದ ತುಣುಕುಗಳನ್ನು ಕೇಳಿದಾಗ ಆ ಡಿಸ್ಕು ಸೆಕೆಂಡಿಗೆ 75 ಬಾರಿ ಮಾತ್ರ ಉತ್ತರಿಸಬಲ್ಲದು. ಪ್ರತಿ ತುಣುಕು 4 ಕೆಬಿಯದಾದರೆ ಒಟ್ಟು 300 ಕೆಬಿ! ಅದೇ ಡಿಸ್ಕಿಗೆ ಒಂದೇ ದೊಡ್ಡ ಕಡತವನ್ನು ಸಾಲಾಗಿ ಓದಲು ಹೇಳಿದರೆ ಸೆಕೆಂಡಿಗೆ 100 ಎಂಬಿಗೂ ಮಿಗಿಲಾಗಿ ಓದೀತು. ಕಾಣುವ ಆ ನೂರು ಪ್ರತಿಶತವು ಡಿಸ್ಕು ಎಷ್ಟು ಹೊತ್ತು ಕಾರ್ಯಮಗ್ನವಾಗಿತ್ತೆಂಬುದರ ಅಳತೆಯೇ ಹೊರತು ಎಷ್ಟು ಹೊತ್ತುತಂದಿತೆಂಬುದರ ಅಳತೆ ಅಲ್ಲ. ಊರತುಂಬ ಒಂದೊಂದೇ ಕಾಗದ ಹಂಚುತ್ತ ಅಲೆಯುವ ಅಂಚೆಯವರ ಚೀಲ ಹಗುರಾಗಿದ್ದರೂ ದಿನವೆಲ್ಲ ಅದಕ್ಕೇ ಕಳೆಯುತ್ತದೆ. ಎರಡು ಹಿನ್ನೆಲೆ ಪ್ರೋಗ್ರಾಂಗಳು ಒಂದೇ ಹೊತ್ತಿಗೆ ಡಿಸ್ಕಿನ ಎರಡು ಮೂಲೆಗಳನ್ನು ಕೇಳತೊಡಗಿದರೆ ಮುಳ್ಳಿನ ಪಾಡು ಹೇಳತೀರದು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗಳು ಇಂತಹ ಕೋರಿಕೆಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ಪೂರೈಸುವುದರಿಂದ ಅವುಗಳಲ್ಲಿ ಈ ತೊಂದರೆ ಕಣ್ಣಿಗೆ ಬೀಳುವುದೇ ಅಪರೂಪ.

ಟಾಸ್ಕ್ ಮ್ಯಾನೇಜರ್ ಪ್ರೋಗ್ರಾಮಿನ ಹೆಸರನ್ನಷ್ಟೇ ಹೇಳುತ್ತದೆ. ಹೆಸರಿಗಿಂತ ಮುಖ್ಯವಾದುದು ಅದು ಯಾವ ಕಡತವನ್ನು ಹಿಡಿದು ಕುಳಿತಿದೆಯೆಂಬುದು. ಅದನ್ನು ತೋರಿಸುವುದು ರಿಸೋರ್ಸ್ ಮಾನಿಟರ್. ಸ್ಟಾರ್ಟ್ ಗುಂಡಿಯೊತ್ತಿ ಆ ಹೆಸರನ್ನೇ ಬೆರಳಚ್ಚಿಸಿದರೆ ದೊರೆಯುತ್ತದೆ. ಅದರಲ್ಲಿನ ಡಿಸ್ಕ್ ಪುಟವನ್ನು ತೆರೆದು, 'ಒಟ್ಟು' ಎಂಬರ್ಥದ ಟೋಟಲ್ ಎಂಬ ಶೀರ್ಷಿಕೆಯ ಮೇಲೆ ಒಮ್ಮೆ ಒತ್ತಿದರೆ ಹೆಚ್ಚು ಬಳಸುವವರು ಮೇಲಕ್ಕೆ ಬರುತ್ತಾರೆ. ಪ್ರತಿ ಸಾಲಿನಲ್ಲೂ ಪ್ರೋಗ್ರಾಂ, ಕಡತದ ಪೂರ್ಣ ವಿಳಾಸ, ಓದಿದ್ದು, ಬರೆದದ್ದು, ಉತ್ತರ ಬರಲು ಹಿಡಿದ ಕಾಲ, ಇಷ್ಟೂ ಇರುತ್ತವೆ. ಐದು ನಿಮಿಷ ಕುಳಿತು, ಒಂದು ಹಾಳೆಯ ಮೇಲೆ ಮೇಲಿನ ನಾಲ್ಕೈದು ಹೆಸರುಗಳನ್ನೂ ಕಡತಗಳನ್ನೂ ಬರೆದುಕೊಳ್ಳಬೇಕೆಂದು ನಾವು ಎಲ್ಲರಿಗೂ ಹೇಳುತ್ತೇವೆ. ಪರದೆಯ ಮೇಲಿನ ಸಾಲುಗಳು ಓಡಾಡುತ್ತಲೇ ಇರುವುದರಿಂದ ಬರೆದುಕೊಳ್ಳದೆ ನೆನಪಿಡುವುದು ಕಷ್ಟ. ಆಪಲ್ ಯಂತ್ರಗಳಲ್ಲಿ ಆಕ್ಟಿವಿಟಿ ಮಾನಿಟರಿನ ಡಿಸ್ಕ್ ಪುಟ, ಲಿನಕ್ಸಿನಲ್ಲಿ ಐಓಟಾಪ್ ಎಂಬ ಆಜ್ಞೆ ಪ್ರೋಗ್ರಾಂಗಳ ಮಟ್ಟಿಗೆ ಇದೇ ಕೆಲಸ ಮಾಡುತ್ತವೆ.

ಹೀಗೆ ಬರೆದುಕೊಂಡದ್ದರಿಂದ ಏನಾಯಿತೆಂಬುದಕ್ಕೆ ದಾವಣಗೆರೆ ಕಡೆಯ ನಿವೃತ್ತ ಅಧ್ಯಾಪಕರೊಬ್ಬರ ಮನೆಯ ಸಂಗತಿಯನ್ನು, ಅವರ ಅನುಮತಿ ಪಡೆದು, ತುಸು ವಿಸ್ತಾರವಾಗಿಯೇ ಇಲ್ಲಿ ಹೇಳುತ್ತೇವೆ. ಅವರ ತಾಯಿಯವರು ತಮ್ಮೂರಿನ ಹೆಣ್ಣುಮಕ್ಕಳೊಡನೆ ಹಾಡುತ್ತಿದ್ದ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಅವರು ಹಿಂದೆ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ನಿವೃತ್ತಿಯ ನಂತರ ಅವನ್ನೆಲ್ಲ ಒಂದೊಂದಾಗಿ ಗಣಕಯಂತ್ರಕ್ಕೆ ಏರಿಸಿದರು. ಹಾಡಿದವರು ಯಾರೂ ಈಗ ಉಳಿದಿಲ್ಲ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಬಹುಪಾಲು ನುಡಿಯಲಾರದಂತಾಗಿವೆ. ಯಂತ್ರದ ವೇಗ ಮಾತ್ರ ದಿನೇದಿನೇ ಕುಗ್ಗಿ, ಒಂದು ಪತ್ರವನ್ನು ತೆರೆಯಲು ಮೂರು ನಿಮಿಷ ಕಾಯುವಂತಾಯಿತು. ದೀಪವೋ ಆರುವ ಮಾತೇ ಇಲ್ಲ. ಅಂಗಡಿಯಲ್ಲಿ ತೋರಿಸಿದಾಗ ಡಿಸ್ಕನ್ನು ಪೂರ್ತಿಯಾಗಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೇ ಪರಿಹಾರವೆಂದರಂತೆ. ಹಾಡುಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿ ದಿನವೂ ತಾನಾಗಿಯೇ ಸೇರುತ್ತಿದೆಯೆಂಬ ಧೈರ್ಯದಿಂದ ಅಧ್ಯಾಪಕರು ಒಪ್ಪಿಕೊಂಡಿದ್ದರು. ಸೋಮವಾರ ಯಂತ್ರವನ್ನು ಒಯ್ಯುವುದೆಂದು ನಿಶ್ಚಯವಾಗಿತ್ತು.

ಭಾನುವಾರ ನಾವು ಅವರಲ್ಲಿಗೆ ಹೋಗುವ ಸಂದರ್ಭ ಬಂದಿತು. ರಿಸೋರ್ಸ್ ಮಾನಿಟರನ್ನು ತೆರೆದಾಗ ಎಲ್ಲಕ್ಕಿಂತ ಮೇಲೆ ಕಂಡುಬಂದದ್ದು ವಿಂಡೋಸಿನದೇ ಆದ ವೈರಸ್ ನಿರೋಧಕ ಪ್ರೋಗ್ರಾಂ. ಇಲ್ಲಿ ಅನೇಕರು ನಿಂತುಬಿಡುತ್ತಾರೆ; ಅಪರಾಧಿ ಸಿಕ್ಕನೆಂದು ಅದನ್ನೇ ಸ್ಥಗಿತಗೊಳಿಸುತ್ತಾರೆ. ಆದರೆ ನಿರೋಧಕವು ಸಾಮಾನ್ಯವಾಗಿ ಇನ್ನೊಬ್ಬರು ತೆರೆದ ಕಡತವನ್ನು ಬೆನ್ನಟ್ಟಿ ನೋಡುವ ಕಾವಲುಗಾರ. ಅದು ನೋಡುತ್ತಿರುವ ಕಡತಗಳನ್ನು ಬೇರೆ ಯಾರು ತೆರೆದಿದ್ದಾರೆಂದು ಕೇಳಬೇಕು. ಕೆಳಗಿನ ಸಾಲುಗಳಲ್ಲಿ ಅದೇ ಹಾಡಿನ ಕಡತಗಳನ್ನು ಹಿಡಿದಿದ್ದ ಇನ್ನೊಂದು ಹೆಸರಿತ್ತು. ಹೊರಗಿನ ಡಿಸ್ಕನ್ನು ಕೊಂಡಾಗ ಅದರೊಡನೆ ಬಂದಿದ್ದ, ಪ್ರತಿ ಮಾಡಿಡುವ ಪ್ರೋಗ್ರಾಂ ಅದು. ಅದು ಡಿ ಎಂಬ ಭಾಗದಿಂದ ಹಾಡುಗಳನ್ನು ಓದುತ್ತಿತ್ತು, ಇ ಎಂಬ ಭಾಗದಲ್ಲಿದ್ದ ಪ್ರತಿಗಳನ್ನೂ ಓದುತ್ತಿತ್ತು, ಎರಡನ್ನೂ ಹೋಲಿಸುತ್ತಿತ್ತು, ವ್ಯತ್ಯಾಸವಿದ್ದರೆ ಬರೆಯುತ್ತಿತ್ತು. ಕೆಲಸವೇನೋ ನಿಷ್ಠೆಯದೇ. ಆದರೆ ಆ ಹೊತ್ತಿಗೆ ಹೊರಗಿನ ಡಿಸ್ಕು ಯಂತ್ರಕ್ಕೆ ಜೋಡಣೆಯಾಗಿರಲೇ ಇಲ್ಲ. ಬೀರುವಿನಲ್ಲಿ ಬಟ್ಟೆಯೊಳಗೆ ಸುತ್ತಿಟ್ಟಂತೆಯೇ ಇತ್ತು.

ಹಾಗಾದರೆ ಈ 'ಇ' ಯಾವುದು? ಎರಡು ವರ್ಷಗಳ ಹಿಂದೆ ರಿಪೇರಿಯ ಸಮಯದಲ್ಲಿ ಯಾರೋ ಒಳಗಿನ ಡಿಸ್ಕನ್ನು, ನಮ್ಮಲ್ಲಿ ರೂಢಿಯಿರುವಂತೆ, ಸಿ, ಡಿ, ಇ ಎಂದು ಮೂರು ಪಾಲು ಮಾಡಿಕೊಟ್ಟಿದ್ದರು. ಅದಕ್ಕೆ ಮುಂಚೆ ಇ ಎಂಬ ಅಕ್ಷರ ಹೊರಗಿನ ಡಿಸ್ಕಿನದಾಗಿತ್ತು. ಅಕ್ಷರವನ್ನು ಮನೆಯೊಳಗಿನ ಹೊಸ ಪಾಲು ಆಕ್ರಮಿಸಿಕೊಂಡ ಮೇಲೆ ಹೊರಗಿನದಕ್ಕೆ ಎಫ್ ಎಂಬ ಹೊಸ ಅಕ್ಷರ ದೊರಕಿತು. ಪ್ರತಿ ಮಾಡುವ ಪ್ರೋಗ್ರಾಮಿಗೆ ಇದಾವುದೂ ತಿಳಿಯದು. 'ಇ'ಗೆ ಬರೆ ಎಂದು ಅದಕ್ಕೆ ಹೇಳಲಾಗಿತ್ತು, ಅದು ಬರೆಯುತ್ತ ಬಂದಿತು. ಮೂಲವೂ ಪ್ರತಿಯೂ ಒಂದೇ ತಟ್ಟೆಯ ಮೇಲೆ! ಮುಳ್ಳು ದಿನವಿಡೀ ಡಿಯಿಂದ ಇಗೆ, ಇಯಿಂದ ಡಿಗೆ ಹಾರಾಡುತ್ತಿದ್ದುದೇ ಯಂತ್ರ ಮಂದವಾದುದರ ಕಾರಣವೂ ಆಗಿತ್ತು. ಬೀರುವಿನ ಡಿಸ್ಕನ್ನು ತೆಗೆದು ಜೋಡಿಸಿ ನೋಡಿದಾಗ ಅದರಲ್ಲಿ ಎರಡು ವರ್ಷಗಳ ಹಿಂದಿನವರೆಗಿನ ಹಾಡುಗಳು ಮಾತ್ರ ಇದ್ದವು. ಆನಂತರ ಏರಿಸಿದ ಹದಿನೇಳು ಕ್ಯಾಸೆಟ್ಟುಗಳ ಹಾಡು, ತಾಯಿಯವರೇ ಹಾಡಿದ ಬಹುಪಾಲು ಪದಗಳೂ ಸೇರಿದಂತೆ, ಆ ಅಳಿಸಬೇಕೆಂದಿದ್ದ ಡಿಸ್ಕನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇರಲಿಲ್ಲ.

ಅಧ್ಯಾಪಕರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಶ್ರೀಮತಿಯವರು ಮಾತ್ರ, ಸೋಮವಾರದ ಕೆಲಸವನ್ನು ಮುಂದಕ್ಕೆ ಹಾಕಿರೆಂದು ಆಗಲೇ ಅಂಗಡಿಗೆ ಫೋನು ಮಾಡಿದರು. ಅಂದು ಸಂಜೆಯೇ ಎಲ್ಲ ಹಾಡುಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಲಾಯಿತು. ಇನ್ನೊಂದು ಡಿಸ್ಕು ಕೊಂಡು ಅದರಲ್ಲೂ ಒಂದು ಪ್ರತಿ ಮಾಡಿ ಹುಬ್ಬಳ್ಳಿಯ ಮಗಳ ಮನೆಯಲ್ಲಿ ಇರಿಸಿದ್ದಾರೆ. ಪ್ರೋಗ್ರಾಮಿಗೆ ಸರಿಯಾದ ವಿಳಾಸ ತೋರಿಸಿದ ಮೇಲೆ ದೀಪವೂ ಶಾಂತವಾಯಿತು. ಹಳೆಯ ಯಂತ್ರವೇ ಈಗಲೂ ನಡೆಯುತ್ತಿದೆ.

ಎಲ್ಲ ಮನೆಗಳಲ್ಲೂ ಸಂಗತಿ ಹೀಗೆ ನಿಷ್ಠಾವಂತ ಸೇವಕನ ತಪ್ಪು ವಿಳಾಸವೇ ಆಗಿರುವುದಿಲ್ಲ. ಮರೆಮಾಚಿಕೊಂಡು ಡಿಸ್ಕನ್ನು ತಡಕುವ ಪ್ರೋಗ್ರಾಂಗಳೂ ಉಂಟು. ಇದರ ಪ್ರಸಿದ್ಧ ನಿದರ್ಶನ 2005ರದು. ಅಮೆರಿಕದ ಮಾರ್ಕ್ ರಸಿನೋವಿಚ್ ಎಂಬ ತಂತ್ರಜ್ಞರು ತಮ್ಮ ಸಹೋದ್ಯೋಗಿ ಬ್ರೈಸ್ ಕಾಗ್ಸ್‌ವೆಲ್ ಅವರೊಡನೆ ಸೇರಿ, ಕಡತಗಳ ಮೇಲಿನ ಪ್ರತಿಯೊಂದು ಓದು ಬರಹವನ್ನೂ ಸಾಲುಸಾಲಾಗಿ ದಾಖಲಿಸುವ ಫೈಲ್‌ಮಾನ್ ಎಂಬ ಸಾಧನವನ್ನು ಅದಕ್ಕೂ ವರ್ಷಗಳ ಮುಂಚೆಯೇ ರೂಪಿಸಿದ್ದರು. ತಮ್ಮದೇ ಯಂತ್ರದಲ್ಲಿ ಯಾರಿಗೂ ಕಾಣದಂತೆ ಅಡಗಿದ ಕಡತಗಳಿರುವುದು ಅವರಿಗೆ ಪತ್ತೆಯಾಯಿತು. ಜಾಡು ಹಿಡಿದು ಹೋದಾಗ, ಅವು ಸೋನಿ ಬಿಎಂಜಿ ಸಂಸ್ಥೆಯ ಒಂದು ಹಾಡಿನ ಸಿಡಿಯೊಡನೆ ಒಳಸೇರಿದ, ನಕಲು ತಡೆಯುವ ಪ್ರೋಗ್ರಾಮಿನವೆಂದು ತಿಳಿದುಬಂದಿತು. ಸಿಡಿಯನ್ನು ನುಡಿಸದೆ ಇದ್ದಾಗಲೂ ಅದು ಎರಡೆರಡು ಸೆಕೆಂಡಿಗೊಮ್ಮೆ, ನಡೆಯುತ್ತಿರುವ ಎಲ್ಲ ಪ್ರೋಗ್ರಾಂಗಳ ಕಡತಗಳನ್ನು ತಪಾಸಣೆ ಮಾಡುತ್ತಿತ್ತು. ಆ ವರ್ಷದ ಅಕ್ಟೋಬರ್ 31ರಂದು ಅವರು ಇದನ್ನು ಪ್ರಕಟಿಸಿದರು. ನವೆಂಬರಿನಲ್ಲಿ ಸಂಸ್ಥೆಯು ಆ ಸಿಡಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. 2006ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ರಸಿನೋವಿಚ್ ಅವರ ಸಂಸ್ಥೆಯನ್ನು ಕೊಂಡುಕೊಂಡಿತು. ಫೈಲ್‌ಮಾನ್‌ನ ಮುಂದಿನ ರೂಪವಾದ ಪ್ರೋಸೆಸ್ ಮಾನಿಟರನ್ನು ಇಂದು ಯಾರು ಬೇಕಾದರೂ ಮೈಕ್ರೋಸಾಫ್ಟಿನಿಂದ ಉಚಿತವಾಗಿ ಪಡೆಯಬಹುದು. ರಿಸೋರ್ಸ್ ಮಾನಿಟರಿನಲ್ಲಿ ಸುಳಿವು ಸಿಗದೆ ಹೋದಾಗ ಮಾತ್ರ ಅದಕ್ಕೆ ಕೈಹಾಕುವುದು ಲೇಸು. ನಿಮಿಷದಲ್ಲಿ ಲಕ್ಷಗಟ್ಟಲೆ ಸಾಲುಗಳನ್ನು ಅದು ಸುರಿಯುತ್ತದೆ.

ಕೆಡುಕಿನ ಉದ್ದೇಶವೇ ಇಲ್ಲದೆ ಕೇವಲ ಅಜಾಗರೂಕತೆಯಿಂದ ಬರೆಯುತ್ತಲೇ ಇರುವ ಪ್ರೋಗ್ರಾಂಗಳು ಮೂರನೆಯ ಬಗೆ. ನಮ್ಮ ಮಕ್ಕಳು ಹಾಡು ಕೇಳುವ ಸ್ಪಾಟಿಫೈ ಇದಕ್ಕೆ ಉದಾಹರಣೆಯಾಗಿತ್ತು. ಯಾವ ಹಾಡನ್ನೂ ಸಂಗ್ರಹಿಸದೆ ಸುಮ್ಮನೆ ತೆರೆದಿಟ್ಟಿದ್ದರೂ ಅದರ ಗಣಕಯಂತ್ರದ ಆವೃತ್ತಿಯು ಗಂಟೆಗೆ ಹತ್ತಾರು ಜಿಬಿ, ಕೆಲವರ ಯಂತ್ರಗಳಲ್ಲಿ ನೂರಾರು ಜಿಬಿ ಬರೆಯುತ್ತಿರುವುದಾಗಿ 2016ರಲ್ಲಿ ಬಳಕೆದಾರರೇ ಅಳೆದು ತೋರಿಸಿದರು. ಆ ವರ್ಷದ ನವೆಂಬರಿನಲ್ಲಿ ಅದು ಪತ್ರಿಕೆಗಳಿಗೂ ಬಂದಿತು. ದೋಷವನ್ನು ತಿದ್ದಿದ ಆವೃತ್ತಿಯೂ ಬಂದಿತು. ಎಸ್‌ಎಸ್‌ಡಿಯಿರುವ ಯಂತ್ರದಲ್ಲಿ ಸದ್ದಿಲ್ಲ, ನಿಧಾನವೂ ಆಗದು, ಹೀಗಾಗಿ ಇಂತಹುದು ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಆದರೆ ಎಸ್‌ಎಸ್‌ಡಿಯ ಕೋಶಗಳು ಇಂತಿಷ್ಟು ಬಾರಿ ಬರೆಸಿಕೊಂಡ ಮೇಲೆ ಸವೆಯುತ್ತವೆ. 250 ಜಿಬಿಯ ಡಿಸ್ಕಿಗೆ ತಯಾರಕರು 150 ಟಿಬಿಯಷ್ಟು ಬರಹದ ಭರವಸೆ ಕೊಡುವುದುಂಟು. ಗಂಟೆಗೆ 50 ಜಿಬಿಯಂತೆ ದಿನಕ್ಕೆ ಎಂಟು ತಾಸು ಬರೆದರೆ ದಿನಕ್ಕೆ 400 ಜಿಬಿ. ಒಂದು ವರ್ಷದ ಮೇಲೆ ಹತ್ತು ದಿನಗಳಲ್ಲಿ ಆ ಭರವಸೆ ಮುಗಿದುಹೋಗುತ್ತದೆ. ಸಾಧಾರಣ ಬಳಕೆಯಲ್ಲಿ ಹತ್ತು ವರ್ಷಕ್ಕೂ ಮುಗಿಯದ ಸರಕು ಅದು.

ಇದು ಲೆಕ್ಕದ ಹೆದರಿಕೆಯಷ್ಟೇ ಎಂದು ಯಾರೂ ಭಾವಿಸಬಾರದು. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಸ್ಲಾ ಸಂಸ್ಥೆಯು ಸುಮಾರು 1,35,000 ಮೋಟಾರು ವಾಹನಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆಯಬೇಕಾಯಿತು. ಅವುಗಳ ಪರದೆಯ ಹಿಂದಿದ್ದ 8 ಜಿಬಿಯ ಪುಟ್ಟ ಸಂಗ್ರಹ ಚಿಪ್ಪು ನಿತ್ಯದ ಬರಹದಿಂದಲೇ ಸವೆದು, ವಾಹನ ಹಿಂದಕ್ಕೆ ಚಲಿಸುವಾಗ ನೋಡಬೇಕಾದ ಕ್ಯಾಮೆರಾ ಚಿತ್ರವೇ ಇಲ್ಲದಂತಾಗುತ್ತಿತ್ತು. ಕಾಣದ ಬರಹವು ರಸ್ತೆಯ ಮೇಲಿನ ಸುರಕ್ಷತೆಯ ಪ್ರಶ್ನೆಯಾದ ಸಂದರ್ಭ ಅದು.

ಇನ್ನು ನಮ್ಮ ಮನೆಗಳಲ್ಲಿ ಅತಿ ಸಾಮಾನ್ಯವಾದ ಕಾರಣವೊಂದನ್ನು ಹೇಳದೆ ಬಿಡಲಾಗದು. ರಿಸೋರ್ಸ್ ಮಾನಿಟರಿನಲ್ಲಿ ಪೇಜ್‌ಫೈಲ್ ಎಂಬ ಕಡತದ ಹೆಸರು ಸದಾ ಮೇಲೆಯೇ ಇದ್ದರೆ ಅಲ್ಲಿ ಕಳ್ಳನೂ ಇಲ್ಲ, ದಡ್ಡನೂ ಇಲ್ಲ; ಯಂತ್ರಕ್ಕೆ ರ‍್ಯಾಮ್ ಸಾಲದು. 4 ಜಿಬಿಯ ಯಂತ್ರದಲ್ಲಿ ಬ್ರೌಸರಿನ ಇಪ್ಪತ್ತು ಪುಟಗಳನ್ನು ತೆರೆದಿಟ್ಟರೆ, ಜಾಗ ಸಾಲದೆ ಒಂದನ್ನು ಡಿಸ್ಕಿಗೆ ಇಳಿಸಿ ಇನ್ನೊಂದನ್ನು ಏರಿಸಿಕೊಳ್ಳುತ್ತ ಅದು ಹೈರಾಣಾಗುತ್ತದೆ. ಇಂತಹ ಯಂತ್ರಕ್ಕೆ ಇನ್ನಷ್ಟು ರ‍್ಯಾಮ್ ಸೇರಿಸಿ, ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಯಂತ್ರದ ಖರ್ಚು ಉಳಿಯುತ್ತದೆ. ಎರಡೆರಡು ವೈರಸ್ ನಿರೋಧಕಗಳನ್ನು ಇರಿಸಿಕೊಂಡಿರುವವರು ಒಂದನ್ನು ತೆಗೆದುಹಾಕಬೇಕು. 'ವೇಗ ಹೆಚ್ಚಿಸುತ್ತೇವೆ' ಎಂದು ಪರದೆಯ ಮೂಲೆಯಿಂದ ಕೂಗುವ ಶುಚಿಕಾರಕ ಪ್ರೋಗ್ರಾಂಗಳ ಬಗ್ಗೆ ನಮಗೆ ಯಾವ ಗೌರವವೂ ಇಲ್ಲ. ಅವು ತಾವೇ ಹಿನ್ನೆಲೆಯಲ್ಲಿ ಕುಳಿತು ಡಿಸ್ಕನ್ನು ತಡಕುತ್ತಿರುವುದನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಅಂತೆಯೇ, ಸರ್ಚ್ ಇಂಡೆಕ್ಸರನ್ನೋ ಅಪ್‌ಡೇಟನ್ನೋ ಕಂಡಕೂಡಲೆ ಶಾಶ್ವತವಾಗಿ ಬಂದ್ ಮಾಡಿಬಿಡುವ ಸಲಹೆಯೂ ನಮಗೆ ಒಪ್ಪಿಗೆಯಿಲ್ಲ. ಪದಸೂಚಿಯ ಕೆಲಸ ಒಮ್ಮೆ ಮುಗಿಯಗೊಟ್ಟರೆ ಮುಂದೆ ಅದು ಹೊಸ ಕಡತಗಳನ್ನಷ್ಟೇ ನೋಡುತ್ತದೆ. ನಡುವೆ ನಿಲ್ಲಿಸುತ್ತ ಹೋದರೆ ಎಂದಿಗೂ ಮುಗಿಯದು.

ತಡಮಾಡದೆ ಕೈಹಾಕಬೇಕಾದ ಸಂದರ್ಭಗಳು ಎರಡೇ. ರಿಸೋರ್ಸ್ ಮಾನಿಟರಿನಲ್ಲಿ ಅಪರಿಚಿತ ಪ್ರೋಗ್ರಾಂ ಒಂದು ತಮ್ಮ ಚಿತ್ರಗಳ ಮೇಲೂ ಪತ್ರಗಳ ಮೇಲೂ ಸಾಲಾಗಿ ಬರೆಯುತ್ತ ಸಾಗಿದ್ದು, ಕಡತಗಳ ಹೆಸರಿನ ಕೊನೆಯಲ್ಲಿ ಹಿಂದೆಂದೂ ಕಾಣದ ಅಕ್ಷರಗಳು ಸೇರುತ್ತಿದ್ದರೆ, ಅದು ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಪ್ರೋಗ್ರಾಂ ಇರಬಹುದು. 2017ರ ಮೇ ತಿಂಗಳಲ್ಲಿ ಹಲವು ದೇಶಗಳನ್ನು ಕಂಗೆಡಿಸಿದ ವಾನಾಕ್ರೈ ಈ ಜಾತಿಯದೇ. ಆಗ ಕುಳಿತು ಬರೆದುಕೊಳ್ಳುವ ಹೊತ್ತಲ್ಲ. ಇಂಟರ್‌ನೆಟ್ಟಿನ ಸಂಪರ್ಕವನ್ನೂ ಹೊರಗಿನ ಡಿಸ್ಕನ್ನೂ ಕೂಡಲೇ ಕಿತ್ತು, ಯಂತ್ರವನ್ನು ಆರಿಸಿ, ಬಲ್ಲವರನ್ನು ಕರೆಯಬೇಕು.

ಎರಡನೆಯದು ಡಿಸ್ಕಿಗೇ ಬಂದ ಕಾಯಿಲೆ. ಟಾಸ್ಕ್ ಮ್ಯಾನೇಜರಿನಲ್ಲಿ ನೂರು ಪ್ರತಿಶತವೆಂದು ತೋರಿಸುತ್ತಿದ್ದು, ಓದು ಬರಹ ಹೆಚ್ಚುಕಡಿಮೆ ಸೊನ್ನೆಯಾಗಿ, ಉತ್ತರಕ್ಕೆ ಹಿಡಿಯುವ ಸರಾಸರಿ ಕಾಲವು ಸಾವಿರಾರು ಮಿಲಿಸೆಕೆಂಡಿಗೆ ಏರಿದ್ದರೆ, ಯಾವ ಪ್ರೋಗ್ರಾಮನ್ನೂ ದೂರಬೇಕಾಗಿಲ್ಲ. ಡಿಸ್ಕು ಕೆಟ್ಟುಹೋದ ಜಾಗವೊಂದನ್ನು ಓದಲಾರದೆ ಮತ್ತೆ ಮತ್ತೆ ಯತ್ನಿಸುತ್ತಿದೆ. ಒಳಗಿನಿಂದ ಗಡಿಯಾರದ ಹಾಗೆ ಟಕ್ ಟಕ್ ಎಂಬ ಸದ್ದು ಬರುವುದು ಇನ್ನೊಂದು ಲಕ್ಷಣ. ವಿಂಡೋಸಿನ ಇವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ ಸಿಸ್ಟಮ್ ಎಂಬ ವಿಭಾಗವನ್ನು ತೆರೆದು, ಡಿಸ್ಕ್ ಎಂಬ ಹೆಸರಿನಲ್ಲಿ 7 ಎಂಬ ಸಂಖ್ಯೆಯ ನಮೂದುಗಳಿವೆಯೇ ಎಂದು ನೋಡಬೇಕು. ಕೆಟ್ಟ ಜಾಗ ಕಂಡುಬಂದಾಗ ಯಂತ್ರ ತಾನೇ ಬರೆದಿಡುವ ದೂರು ಅದು. ಅಂತಹ ನಮೂದು ಕಂಡರೆ ಡಿಫ್ರಾಗ್ ಮಾಡಿಸುವುದಾಗಲಿ, ಡಿಸ್ಕಿನ ದೋಷ ತಿದ್ದುವ ಪ್ರೋಗ್ರಾಂಗಳನ್ನು ಓಡಿಸುವುದಾಗಲಿ ಕೂಡದು. ಅವು ಇಡೀ ಡಿಸ್ಕನ್ನು ಓದಿಸಿ ಉಳಿದಿರುವ ಶಕ್ತಿಯನ್ನೂ ಹೀರಿಬಿಡಬಹುದು. ಮೊದಲು ಬೇರೊಂದು ಡಿಸ್ಕು ತಂದು, ಮತ್ತೆ ಎಲ್ಲಿಂದಲೂ ಪಡೆಯಲಾಗದ ಕಡತಗಳನ್ನು ಇಳಿಸಿಕೊಳ್ಳಬೇಕು; ಪೇಟೆಯಲ್ಲಿ ಸಿಗುವ ಸಿನಿಮಾ, ಪ್ರೋಗ್ರಾಂ ಮುಂತಾದವು ಕೊನೆಗಿರಲಿ. ಹೊಸ ಡಿಸ್ಕು ಯಾವ ಅಕ್ಷರ ಪಡೆದಿದೆಯೆಂಬುದನ್ನು ಕಣ್ಣಾರೆ ನೋಡಿ, ಇಳಿಸಿದ ಮೇಲೆ ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ ಒಂದೆರಡು ಕಡತಗಳನ್ನು ತೆರೆದು ಪರೀಕ್ಷಿಸಿದ ಬಳಿಕವೇ ಹಳೆಯದನ್ನು ಅಂಗಡಿಗೆ ಕಳುಹಿಸುವುದು.